ಕೂಲಿಯ ಲೆಕ್ಕ ಬಲ್ಲವರು: ಡಾ. ಭೀಮರಾವ್ ಅಂಬೇಡ್ಕರ್

ದುಡಿಯುವ ಜನರ ಚರಿತ್ರೆಯಲ್ಲಿ 1891ನೇ ಇಸವಿ ಮರೆಯಬಾರದ ವರ್ಷ. ಆ ವರ್ಷದ ಮೇ 15ರಂದು ರೋಮಿನಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಧಣಿ ಮತ್ತು ಆಳು ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿಯು ನ್ಯಾಯವಾಗಿಬಿಡುವುದಿಲ್ಲ, ಮಿತವಾಗಿ ಬಾಳುವ ದುಡಿಮೆಗಾರನ ಹೊಟ್ಟೆಬಟ್ಟೆಗೆ ಸಾಲುವಷ್ಟಾದರೂ ಅದು ಇರಲೇಬೇಕು ಎಂಬುದನ್ನು ಅವರು ಲೋಕಕ್ಕೆ ತಿಳಿಸಿದರು. ಅದಕ್ಕೆ ಸುಮಾರು ಒಂದು ತಿಂಗಳು ಮೊದಲು, ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಸುಬೇದಾರ್ ರಾಮ್‌ಜಿ ಸಕ್ಪಾಲ್ ಮತ್ತು ಭೀಮಾಬಾಯಿ ದಂಪತಿಗಳಿಗೆ ಹದಿನಾಲ್ಕನೆಯ ಮಗು ಹುಟ್ಟಿತ್ತು. ಆ ಮಗುವೇ ಭೀಮರಾವ್ ಅಂಬೇಡ್ಕರ್.

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಬಾಬಾಸಾಹೇಬರ ಪಟವಿದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನದ ಪುಸ್ತಕ. ಸಂವಿಧಾನ ಶಿಲ್ಪಿ ಎಂದು, ಅಸ್ಪೃಶ್ಯರ ವಿಮೋಚಕ ಎಂದು ನಾವೆಲ್ಲ ಅವರನ್ನು ಬಲ್ಲೆವು. ಆದರೆ ಅವರು ಕಲಿತ ಮೊದಲ ವಿದ್ಯೆ ಅರ್ಥಶಾಸ್ತ್ರ, ಹಾಗೂ ಈ ದೇಶದಲ್ಲಿ ಕನಿಷ್ಠ ಕೂಲಿಗೆ ಕಾನೂನು ಬೇಕೆಂಬ ಮಸೂದೆಯನ್ನು ಶಾಸನಸಭೆಯ ಮುಂದಿಟ್ಟವರು ಅವರೇ ಎಂಬುದು ಅಷ್ಟಾಗಿ ತಿಳಿದಿಲ್ಲ.

ಇದನ್ನು ಈಗ ನೆನೆಯಲು ಕಾರಣವಿದೆ. ಪ್ರತಿ ವರ್ಷ ನಾಟಿಯ ಕಾಲ ಬಂದಾಗ, ಹತ್ತಿ ಬಿಡಿಸುವ ಕಾಲ ಬಂದಾಗ, ನಮ್ಮ ಊರುಗಳಲ್ಲಿ ಅದೇ ವಾದ ಏಳುತ್ತದೆ. ಕೂಲಿ ಏರಿಸಿದರೆ ಒಕ್ಕಲುತನ ಮುಳುಗುತ್ತದೆ ಎಂದು ಹೊಲದ ಯಜಮಾನರು ಹೇಳುತ್ತಾರೆ. ಏರಿಸದಿದ್ದರೆ ನಮ್ಮ ಒಲೆ ಉರಿಯುವುದಿಲ್ಲ ಎಂದು ಕೂಲಿಯ ತಾಯಂದಿರು ಹೇಳುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ಮೊಣಕಾಲೂರುತ್ತಾರೆ. ಈ ವಾದದ ಎರಡೂ ಬದಿಯನ್ನು ಜೀವಮಾನವಿಡೀ ತೂಗಿ ನೋಡಿದವರ ಬಾಳಿನಿಂದ ನಾವು ಕಲಿಯುವುದು ಬಹಳವಿದೆ.

ಎರಡುಪಟ್ಟು ಬಾಡಿಗೆಯ ಬಂಡಿ

ಭೀಮರಾಯರಿಗೆ ಬುದ್ಧಿ ತಿಳಿಯುವ ಮೊದಲೇ ತಾಯಿ ತೀರಿಕೊಂಡರು. ಸೈನ್ಯದಿಂದ ನಿವೃತ್ತರಾದ ತಂದೆ ಸಾತಾರದಲ್ಲಿ ನೆಲೆಸಿದರು. ಆಮೇಲೆ ಗೋರೆಗಾಂವ್ ಎಂಬಲ್ಲಿ, ಸರ್ಕಾರ ಕೆರೆ ತೋಡಿಸುತ್ತಿದ್ದ ಕಡೆ, ಕೂಲಿಯವರಿಗೆ ಹಣ ಬಟವಾಡೆ ಮಾಡುವ ಕ್ಯಾಷಿಯರ್ ಕೆಲಸಕ್ಕೆ ಸೇರಿದರು. 1901ರ ಸುಮಾರಿಗೆ ರಜೆಯಲ್ಲಿ ತಂದೆಯನ್ನು ನೋಡಲೆಂದು ಭೀಮರಾಯರು ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ರೈಲು ಹತ್ತಿ ಮಸೂರು ನಿಲ್ದಾಣದಲ್ಲಿ ಇಳಿದರು. ಬರುವ ಸುದ್ದಿ ತಂದೆಗೆ ತಲುಪಿರಲಿಲ್ಲ. ನಿಲ್ದಾಣಕ್ಕೆ ಯಾರೂ ಬಂದಿರಲಿಲ್ಲ. ಮಕ್ಕಳು ಮಹಾರ ಜಾತಿಯವರೆಂದು ತಿಳಿದೊಡನೆ ಒಬ್ಬ ಬಂಡಿಯವನೂ ಅವರನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬನು ಎರಡುಪಟ್ಟು ಬಾಡಿಗೆ ಕೊಟ್ಟರೆ ಬಂಡಿ ಕೊಡಲು ಒಪ್ಪಿದ, ಆದರೆ ಮಕ್ಕಳೇ ಬಂಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದುಬರುತ್ತೇನೆ ಎಂದ. ಕುಡಿಯಲು ನೀರು ಸಿಗದೆ, ತಂದಿದ್ದ ಬುತ್ತಿಯನ್ನು ಉಣ್ಣಲಾಗದೆ, ಆ ಮಕ್ಕಳು ಇರುಳೆಲ್ಲ ಕಳೆದರು.

ಈ ಘಟನೆಯನ್ನು ಅಂಬೇಡ್ಕರರು ಮುಂದೆ ಬರೆದಿಟ್ಟಿದ್ದಾರೆ. ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಅದೊಂದು ಸಾಕ್ಷಿ. ಅದರಲ್ಲಿ ಕೂಲಿಯ ಪಾಠವೂ ಒಂದಿದೆ. ಬಂಡಿಯ ಬಾಡಿಗೆಯನ್ನು ಅಲ್ಲಿ ನಿಶ್ಚಯಿಸಿದ್ದು ದೂರವಲ್ಲ, ಎತ್ತುಗಳ ಶ್ರಮವೂ ಅಲ್ಲ. ಬೇಡ ಎನ್ನುವ ಶಕ್ತಿ ಬಂಡಿಯವನ ಕೈಯಲ್ಲಿತ್ತು, ಮಕ್ಕಳ ಕೈಯಲ್ಲಿ ಇರಲಿಲ್ಲ. ಬೇಡ ಎನ್ನಲಾಗದವನು ಕೊಳ್ಳುವಾಗ ಹೆಚ್ಚು ತೆರುತ್ತಾನೆ, ತನ್ನ ದುಡಿಮೆಯನ್ನು ಮಾರುವಾಗ ಕಡಿಮೆ ಪಡೆಯುತ್ತಾನೆ. ಅಂಬೇಡ್ಕರರ ಮುಂದಿನ ಅರ್ಥಶಾಸ್ತ್ರದ ಬೇರು ಇಲ್ಲೇ ಇದೆ ಎನ್ನಬಹುದು.

ಚಾಳಿನಿಂದ ಕೊಲಂಬಿಯಕ್ಕೆ

ಸಂಸಾರ ಮುಂಬಯಿಗೆ ಬಂದು ಪರೇಲ್ ಕಡೆಯ ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ ನೆಲೆಸಿತು. ಅಡಿಗೆಗೂ ಮಲಗುವುದಕ್ಕೂ ಓದುವುದಕ್ಕೂ ಇದ್ದದ್ದು ಒಂದೇ ಕೋಣೆ. ತಂದೆ ಬೆಳಗಿನ ಜಾವ ಎಬ್ಬಿಸಿ ಓದಲು ಕೂರಿಸುತ್ತಿದ್ದರು. 1907ರಲ್ಲಿ ಮೆಟ್ರಿಕ್ಯುಲೇಷನ್, 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಯಿತು. ಮರುವರ್ಷ ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ದೊರೆತು ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅವರು ಅಲ್ಲಿ ಓದುತ್ತಿದ್ದ ಕಾಲದಲ್ಲೇ, 1914ರ ಜನವರಿಯಲ್ಲಿ, ಅಮೆರಿಕದ ಮೋಟಾರು ತಯಾರಕ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ಕೆಲಸಗಾರರಿಗೆ ದಿನಕ್ಕೆ 5 ಡಾಲರ್ ಕೊಡುವೆನೆಂದು ಸಾರಿದ. ಅದು ಅಲ್ಲಿಯವರೆಗಿನ ಕೂಲಿಯ ಸುಮಾರು ಎರಡರಷ್ಟು. ಅವನು ದಿವಾಳಿಯಾಗುತ್ತಾನೆ ಎಂದು ಆಗ ಹಲವರು ಎಣಿಸಿದರು. ಅವನು ದಿವಾಳಿಯಾಗಲಿಲ್ಲ. ಸೇರಿದ ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟುಹೋಗುತ್ತಿದ್ದ ಆಳುಗಳು ನಿಂತರು. ಹೊಸಬರನ್ನು ಹುಡುಕುವ, ಕಲಿಸುವ ಖರ್ಚು ಉಳಿಯಿತು. ಕೂಲಿ ಏರಿಕೆಯ ವಾದ ಅಮೆರಿಕದಲ್ಲಿ ಹೀಗೆ ಬಿಸಿಯಾಗಿದ್ದಾಗ ಭಾರತದ ಆ ಬಡ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕುಳಿತು ತನ್ನ ದೇಶದ ಬಡತನದ ಕಾರಣವನ್ನು ಹುಡುಕುತ್ತಿದ್ದರು.

1917ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಬರೋಡದಲ್ಲಿ ಸರ್ಕಾರಿ ಹುದ್ದೆ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಇಳಿದುಕೊಂಡಿದ್ದ ವಸತಿಗೃಹದಿಂದಲೂ ಜನ ದೊಣ್ಣೆ ಹಿಡಿದು ಬಂದು ಹೊರಗಟ್ಟಿದರು. ಮುಂಬಯಿಗೆ ಬಂದು 1918ರಲ್ಲಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ವರ್ಷ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ರೈತನ ಬಡತನಕ್ಕೆ ಹೊಲದ ತುಂಡು ಸಣ್ಣದಾಗಿರುವುದೇ ಮೂಲ ಕಾರಣವಲ್ಲ ಎಂಬುದು ಅವರ ವಾದ. ಒಂದೇ ಭೂಮಿಯನ್ನು ನಂಬಿ ಬೇಕಾದುದಕ್ಕಿಂತ ಹೆಚ್ಚು ಜನ ಕುಳಿತಿದ್ದಾರೆ. ಕೆಲಸವಿಲ್ಲದ ಕೈಯೂ ಉಣ್ಣಲೇಬೇಕು, ಹಾಗಾಗಿ ಅದು ದುಡಿಯುವವನ ತಟ್ಟೆಯಿಂದಲೇ ಉಣ್ಣುತ್ತದೆ. ಆ ಕೈಗಳಿಗೆ ಬೇರೆ ಉದ್ಯೋಗ ಒದಗಿಸದೆ ರೈತನೂ ಉದ್ಧಾರವಾಗಲಾರ, ಕೂಲಿಕಾರನೂ ಉದ್ಧಾರವಾಗಲಾರ ಎಂದು ಅವರು ತೋರಿಸಿಕೊಟ್ಟರು.

ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವು ಕೇಳಿದ್ದೇವೆ. ಸಂಜೆಯಾದರೂ ಪೇಟೆಯ ಬೀದಿಯಲ್ಲಿ ಸುಮ್ಮನೆ ನಿಂತಿದ್ದವರು ಸೋಮಾರಿಗಳಾಗಿರಲಿಲ್ಲ, ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಆ ನಿಂತ ಜನರ ಕಡೆಯಿಂದ ಕೂಲಿಯ ಪ್ರಶ್ನೆಯನ್ನು ನೋಡಿದವರು ಅಂಬೇಡ್ಕರರು.

ರೂಪಾಯಿಯ ಬೆಲೆ, ಕೂಲಿಯ ಬೆಲೆ

1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದರು. ಊರಿನಲ್ಲಿ ಪತ್ನಿ ರಮಾಬಾಯಿಯವರು ಕಡು ಕಷ್ಟದಲ್ಲಿ ಸಂಸಾರ ತೂಗಿಸುತ್ತಿದ್ದರು. ಆ ದಂಪತಿಗಳ ಐವರು ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಯಶವಂತರೊಬ್ಬರೇ ಉಳಿದರು. ಬಡತನ ಎಂದರೆ ಏನೆಂದು ಅಂಬೇಡ್ಕರರು ಪುಸ್ತಕದಿಂದ ಮಾತ್ರ ತಿಳಿದವರಲ್ಲ ಎನ್ನಲು ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

1923ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ದೊರೆಯಿತು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ ಅದೇ ವರ್ಷ ಪ್ರಕಟವಾಯಿತು. 1925ರಲ್ಲಿ ಭಾರತದ ಹಣಕಾಸನ್ನು ಪರಿಶೀಲಿಸಲು ಬಂದ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಸಾಕ್ಷ್ಯ ನುಡಿದರು. ಈ ವಿಷಯ ಪಂಡಿತರಿಗೆ ಮಾತ್ರ ಎನಿಸಬಹುದು. ಆದರೆ ಅದರ ತಿರುಳು ಸಂತೆಗೆ ಹೋಗುವ ಪ್ರತಿ ತಾಯಿಗೂ ತಿಳಿದದ್ದೇ. ರೂಪಾಯಿಯ ಬೆಲೆ ಇಳಿದಾಗ ಜೋಳ, ಎಣ್ಣೆ, ಬಟ್ಟೆಗಳ ದರ ಮೊದಲು ಏರುತ್ತದೆ. ಕೂಲಿ ಅದರ ಹಿಂದೆ ನಿಧಾನವಾಗಿ ಏರುತ್ತದೆ, ಕೆಲವು ಸಲ ಏರುವುದೇ ಇಲ್ಲ. ಈ ನಡುವಿನ ಅಂತರದಲ್ಲಿ ವ್ಯಾಪಾರಿಗೆ ಬಂದ ಲಾಭವು ಎಲ್ಲಿಂದಲೋ ಉದುರಿದ್ದಲ್ಲ, ದುಡಿಯುವವನ ತಟ್ಟೆಯಿಂದ ಹೋದದ್ದು ಎಂದು ಅಂಬೇಡ್ಕರರು ಎತ್ತಿ ತೋರಿಸಿದರು.

ಆದ್ದರಿಂದ ಕೂಲಿಯನ್ನು ರೂಪಾಯಿಯಲ್ಲಿ ಎಣಿಸಿದರೆ ಸಾಲದು, ಅದರಿಂದ ಎಷ್ಟು ಸೇರು ಜೋಳ ಬರುತ್ತದೆ ಎಂದು ಎಣಿಸಬೇಕು. ಹತ್ತು ವರ್ಷದಲ್ಲಿ ಕೂಲಿ ಎರಡರಷ್ಟಾಗಿ, ಸಾಮಾನಿನ ದರವೂ ಎರಡರಷ್ಟಾದರೆ, ಏರಿದ್ದು ಕಾಗದದ ಮೇಲಿನ ಅಂಕಿ ಮಾತ್ರ. ಕೂಲಿ ಎಷ್ಟು ಜಾಸ್ತಿಯಾಯಿತು ನೋಡಿ ಎಂದು ಯಾರಾದರೂ ಹೇಳಿದಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮುಚ್ಚಿದ ನೇಯ್ಗೆ ಖಾತೆ

1928ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಆರು ತಿಂಗಳ ಮಹಾ ಮುಷ್ಕರ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಕುಳಿತರು. ಅಂಬೇಡ್ಕರರ ನಿಲುವು ಎರಡೂ ಕಡೆಯವರಿಗೆ ಸುಲಭದ್ದಾಗಿರಲಿಲ್ಲ. ಕಾರ್ಮಿಕರ ಬೇಡಿಕೆ ನ್ಯಾಯವೆಂದು ಅವರು ಬಲ್ಲರು. ಆದರೆ ಮುಷ್ಕರ ತಿಂಗಳುಗಟ್ಟಲೆ ಎಳೆದಾಗ ಮೊದಲು ಉಪವಾಸ ಬೀಳುವವನು ಅತ್ಯಂತ ಬಡ ಕೂಲಿಕಾರನೇ ಎಂಬುದನ್ನೂ ಬಲ್ಲರು.

ಅವರು ಇನ್ನೊಂದು ಮಾತನ್ನೂ ಮುಂದಿಟ್ಟರು. ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಹೆಚ್ಚು ಪಗಾರವಿತ್ತು. ಅಲ್ಲಿಗೆ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ನೂಲು ತುಂಡಾದಾಗ ಲಾಳಿಯ ತೂತಿನಿಂದ ಬಾಯಲ್ಲಿ ಎಳೆಯಬೇಕಾಗುತ್ತಿತ್ತು, ಅವರು ಬಾಯಿಟ್ಟ ಲಾಳಿಯನ್ನು ತಾವು ಮುಟ್ಟುವುದಿಲ್ಲ ಎಂದು ಮಿಕ್ಕ ಕಾರ್ಮಿಕರೇ ಹಠ ಹಿಡಿದಿದ್ದರು. ಧಣಿಯಿಂದ ನ್ಯಾಯ ಕೇಳುವವರು ತಮ್ಮ ಪಕ್ಕದವನಿಗೂ ನ್ಯಾಯ ಕೊಡಬೇಕು ಎಂದು ಅಂಬೇಡ್ಕರರು ಒತ್ತಾಯಿಸಿದರು. ಕೂಲಿಯ ದರ ಏರಿದರೂ ಕೆಲವರನ್ನು ಕಡಿಮೆ ಕೂಲಿಯ ಕೆಲಸಕ್ಕೇ ಕಟ್ಟಿಹಾಕಿದರೆ ಅವರ ಪಾಲಿಗೆ ಏನೂ ಏರಿದಂತಾಗುವುದಿಲ್ಲ. ಒಂದೇ ಹೊಲದಲ್ಲಿ, ಒಂದೇ ಬಿಸಿಲಲ್ಲಿ ದುಡಿದ ಹೆಣ್ಣಾಳಿಗೂ ಗಂಡಾಳಿಗೂ ಬೇರೆ ಬೇರೆ ಕೂಲಿ ಎಣಿಸುವ ನಾವು ಈ ಮಾತನ್ನು ನಮಗೇ ಹೇಳಿದ್ದೆಂದು ತಿಳಿಯಬೇಕು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕೊಂಕಣದ ಗೇಣಿದಾರರನ್ನು ಹಿಂಡುತ್ತಿದ್ದ ಖೋತಿ ಪದ್ಧತಿಯ ರದ್ದತಿಗೆ ಮಸೂದೆ ತಂದರು. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದಗಳ ಮಸೂದೆ ಬಂದಾಗ, 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ನಡೆದ ಒಂದು ದಿನದ ಮುಷ್ಕರದ ಮುಂಚೂಣಿಯಲ್ಲಿ ನಿಂತರು. ದೀರ್ಘ ಮುಷ್ಕರದ ನೋವನ್ನು ಬಲ್ಲವರೇ ಮುಷ್ಕರದ ಹಕ್ಕನ್ನು ಬಿಟ್ಟುಕೊಡಲಿಲ್ಲ. ಬೇಡ ಎನ್ನುವ ಶಕ್ತಿಯೊಂದೇ ಬಡವನಿಗಿರುವ ಆಯುಧ ಎಂಬುದು ಅವರಿಗೆ ಗೊತ್ತಿತ್ತು.

ಕನಿಷ್ಠ ಕೂಲಿಯ ಮಸೂದೆ

1942ರ ಜುಲೈನಲ್ಲಿ ಅಂಬೇಡ್ಕರರು ವೈಸರಾಯರ ಕಾರ್ಯಾಂಗ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಇಂದಿನ ಮಾತಿನಲ್ಲಿ ಕೇಂದ್ರ ಕಾರ್ಮಿಕ ಮಂತ್ರಿಗಳು. 1946ರವರೆಗೆ ಆ ಹೊಣೆ ಹೊತ್ತರು. ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರು ಒಂದೇ ಮೇಜಿನ ಸುತ್ತ ಕುಳಿತು ಮಾತಾಡುವ ತ್ರಿಪಕ್ಷೀಯ ಸಮ್ಮೇಳನಗಳು ಅವರ ಕಾಲದಲ್ಲಿ ಬೇರೂರಿದವು. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಮಿತಗೊಳಿಸುವ ತಿದ್ದುಪಡಿ 1946ರಲ್ಲಿ ಆಯಿತು. ಕಲ್ಲಿದ್ದಲು ಗಣಿ ಕಾರ್ಮಿಕರಿಗಾಗಿ 1944ರಲ್ಲಿ ಕಲ್ಯಾಣ ನಿಧಿ ಬಂತು. ಅದಕ್ಕೆ ಮೊದಲು 1943ರ ಡಿಸೆಂಬರಿನಲ್ಲಿ ಅವರು ಧನ್‌ಬಾದ್ ಕಡೆಯ ಗಣಿಗಳಿಗೆ ಹೋಗಿ, ನೆಲದಡಿಗೆ ಇಳಿದು, ಕಾರ್ಮಿಕರ ದುಡಿಮೆಯನ್ನೂ ವಸತಿಯನ್ನೂ ಕಣ್ಣಾರೆ ನೋಡಿಬಂದರು. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರ ಮನೆಯವರಿಗೆ ಆ ಕತ್ತಲೆ ಎಂಥದೆಂದು ಹೇಳಬೇಕಾಗಿಲ್ಲ.

ಆ ಕಾಲದ ಒಂದು ನಿರ್ಧಾರ ಕಟು ಟೀಕೆಗೂ ಗುರಿಯಾಯಿತು. ಯುದ್ಧದ ಸಮಯ, ಕಲ್ಲಿದ್ದಲಿಗೆ ಅಭಾವ. ಹೆಂಗಸರು ಗಣಿಯೊಳಗೆ ಇಳಿಯಬಾರದೆಂಬ ನಿಷೇಧವನ್ನು ಸರ್ಕಾರ 1943ರಲ್ಲಿ ಸಡಿಲಿಸಿತು. ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಬೇಕೆಂಬ ನಿಯಮ ಈ ಉದ್ಯಮದಲ್ಲಿ ನೆಲೆಗೊಂಡಿದೆ ಎಂದು ಅಂಬೇಡ್ಕರರು ಸಭೆಯಲ್ಲಿ ಸಮರ್ಥಿಸಿದರು. ಸಮಾನ ಕೂಲಿ ದೊಡ್ಡ ಮಾತು, ನಿಜ. ಆದರೆ ಮಕ್ಕಳ ತಾಯಂದಿರನ್ನು ಆ ಕತ್ತಲೆಗೆ ಇಳಿಸಬೇಕಿತ್ತೇ ಎಂದು ವಿರೋಧಿಗಳು ಕೇಳಿದ್ದೂ ಸುಳ್ಳಲ್ಲ. 1946ರಲ್ಲಿ ನಿಷೇಧ ಮತ್ತೆ ಬಂತು. ದೊಡ್ಡವರ ಬಾಳನ್ನು ಹೇಳುವಾಗ ಇಂಥದನ್ನು ಮರೆಮಾಚಬಾರದು.

1946ರ ಏಪ್ರಿಲ್‌ನಲ್ಲಿ ಅವರು ಕೇಂದ್ರ ಶಾಸನಸಭೆಯಲ್ಲಿ ಕನಿಷ್ಠ ವೇತನ ಮಸೂದೆಯನ್ನು ಮಂಡಿಸಿದರು. ಅವರು ಅಧಿಕಾರ ಬಿಟ್ಟ ಮೇಲೆ, ಜಗಜೀವನರಾಮ್ ಅವರು ಕಾರ್ಮಿಕ ಮಂತ್ರಿಯಾಗಿದ್ದಾಗ, 1948ರಲ್ಲಿ ಅದು ಕಾಯ್ದೆಯಾಯಿತು. ಸಂಘ ಕಟ್ಟಿಕೊಳ್ಳಲಾಗದ ಬಡ ದುಡಿಮೆಗಾರರನ್ನೇ ಗಮನದಲ್ಲಿಟ್ಟು ಮಾಡಿದ ಆ ಕಾಯ್ದೆಯ ಪಟ್ಟಿಯಲ್ಲಿ ಅಕ್ಕಿ ಗಿರಣಿ, ಬೀಡಿ, ರಸ್ತೆ ಹಾಗೂ ಕಟ್ಟಡ ಕೆಲಸಗಳ ಜೊತೆ ಬೇಸಾಯದ ಕೂಲಿಯೂ ಇತ್ತು. ಆದರೆ ಬೇಸಾಯಕ್ಕೆ ಕೂಲಿ ಗೊತ್ತುಮಾಡುವ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಯಿತು. 2019ರ ವೇತನ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದು ಆ ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು.

ಕನಿಷ್ಠ ಎಂದರೆ ಎಷ್ಟು? 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಲೆಕ್ಕ ಹಾಕಿತು. ದುಡಿಯುವವನನ್ನೂ ಅವನ ಸಂಸಾರವನ್ನೂ ಮೂರು ಆಳಿನ ಊಟಕ್ಕೆ ಸಮ ಎಂದು ಎಣಿಸಿ, ಆಳಿಗೆ ದಿನಕ್ಕೆ 2700 ಕ್ಯಾಲೊರಿಯಷ್ಟು ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಮತ್ತು ಉರುವಲು ದೀಪ ಇತ್ಯಾದಿಗೆ ಒಟ್ಟು ಕೂಲಿಯ ಶೇಕಡಾ 20 ಎಂದು ಗೊತ್ತುಮಾಡಿತು. ಮಕ್ಕಳ ಶಿಕ್ಷಣ, ಔಷಧ, ಹಬ್ಬಹರಿದಿನ, ಮುಪ್ಪು, ಮದುವೆಗಳ ಖರ್ಚನ್ನೂ ಸೇರಿಸಬೇಕೆಂದು ಸುಪ್ರೀಂ ಕೋರ್ಟು ಮುಂದೆ ಹೇಳಿತು. ಕೂಲಿ ಎಂದರೆ ಒಬ್ಬನ ತೋಳಿನ ಬಾಡಿಗೆಯಲ್ಲ, ಒಂದು ಕುಟುಂಬದ ಬಾಳು ಎಂಬುದನ್ನು ಈ ಲೆಕ್ಕ ಒಪ್ಪಿಕೊಳ್ಳುತ್ತದೆ. ಜಗದ್ಗುರು ಲಿಯೋ ಅವರು ತೋರಿಸಿದ ದಾರಿಯೂ ಇದೇ.

ವಾದ, ಪ್ರತಿವಾದ

ಕೂಲಿ ಏರಿಸಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಬರೀ ದುರಾಸೆಯ ಪ್ರಶ್ನೆಯೆಂದು ತಳ್ಳಿಹಾಕಬಾರದು. ಕೂಲಿ ತುಟ್ಟಿಯಾದರೆ ಮಾಲೀಕ ಆಳುಗಳನ್ನು ಕಡಿಮೆ ಮಾಡಬಹುದು, ಯಂತ್ರ ತರಿಸಬಹುದು, ಸರಕಿನ ದರ ಏರಿಸಬಹುದು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರ ಬಂದು ಎಷ್ಟೋ ಕೈಗಳ ಕುಡುಗೋಲು ಮೂಲೆ ಸೇರಿತು. ಹತ್ತಿ ಹೊಲಕ್ಕೆ ಕಳೆನಾಶಕ ಬಂದು ಕಳೆ ತೆಗೆಯುವ ಹೆಂಗಸರ ಕೆಲಸದ ದಿನಗಳು ಕಡಿಮೆಯಾದವು. ಇವೆಲ್ಲ ಕಣ್ಣೆದುರಿನ ಸತ್ಯ.

ಆದರೆ ಇನ್ನೊಂದು ಸತ್ಯವೂ ಇದೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ನೆರೆಯ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಹೋಟೆಲುಗಳನ್ನು ಹೋಲಿಸಿ ನೋಡಿದಾಗ, ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾದದ್ದು ಕಾಣಲಿಲ್ಲ. ಇತರ ಪಂಡಿತರು ಅದನ್ನು ಪ್ರಶ್ನಿಸಿದರು, ವಾದ ಇನ್ನೂ ಮುಗಿದಿಲ್ಲ. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಹುಮಾನ ಬಂತು. ಕೆಲಸ ಕೊಡುವವರು ಕೆಲವರೇ ಇದ್ದು, ದುಡಿಯುವವನಿಗೆ ಬೇರೆ ಬಾಗಿಲು ಇಲ್ಲದಿದ್ದಾಗ, ಕೂಲಿ ಮೊದಲಿನಿಂದಲೂ ತಗ್ಗಿನಲ್ಲೇ ನಿಂತಿರುತ್ತದೆ. ಅಂಥ ಕಡೆ ಸ್ವಲ್ಪ ಏರಿಸಿದರೆ ಕೆಲಸ ಹೋಗಲೇಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುವ ಅಂಶ. ಎಷ್ಟು ಏರಿಕೆ, ಎಂಥ ಕಡೆ, ಯಾರ ತಲೆಯ ಮೇಲೆ ಅದರ ಭಾರ ಎಂದು ನೋಡಿ ತೂಗಬೇಕಾದ ವಿಷಯವಿದು.

ಅಂಬೇಡ್ಕರರು 1947ರಲ್ಲಿ ಪ್ರಕಟಿಸಿದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಎಂಬ ಮನವಿಯಲ್ಲಿ ಇದೇ ಮಾತನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಹಸಿದವನ ಮುಂದೆ ಒಂದೇ ಒಂದು ಕೆಲಸವಿದ್ದರೆ, ಗಂಟೆಯ ಮಿತಿಯಿಲ್ಲ, ಸಂಘ ಸೇರಬೇಡ, ಮಾತಾಡಬೇಡ ಎಂದರೂ ಅವನು ಒಪ್ಪುತ್ತಾನೆ. ಅಂಥ ಒಪ್ಪಿಗೆಯನ್ನು ಸ್ವಾತಂತ್ರ್ಯ ಎನ್ನಲಾಗದು ಎಂಬುದು ಅವರ ವಾದ. ಬೇಸಾಯವೂ ಮುಖ್ಯ ಉದ್ಯಮಗಳೂ ಸರ್ಕಾರದ ಕೈಯಲ್ಲಿರಬೇಕು ಎಂದು ಅವರು ಸೂಚಿಸಿದ ಪರಿಹಾರವನ್ನು ದೇಶ ಒಪ್ಪಲಿಲ್ಲ, ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುವ ಶ್ರೀಸಭೆಯ ಬೋಧನೆಗೂ ಅದು ಪೂರ್ತಿ ಹೊಂದುವುದಿಲ್ಲ. ಆದರೆ ರೋಗವನ್ನು ಅವರು ಗುರುತಿಸಿದ್ದು ಸರಿಯಾಗಿಯೇ ಇತ್ತು.

ನಮ್ಮ ನೆಲದಲ್ಲಿ

ಆ ಕಾಲಕ್ಕೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಧಣಿಯಿಂದ ಪಡೆದ ಸಣ್ಣ ಸಾಲಕ್ಕೆ ಆಳು ವರ್ಷಗಟ್ಟಲೆ, ಕೆಲವೊಮ್ಮೆ ಮಗನ ಕಾಲದವರೆಗೂ ಜೀತ ದುಡಿಯುತ್ತಿದ್ದ. ಅವನ ಕೂಲಿಯನ್ನು ಏರಿಸುವ ಮಾತೇ ಬರುತ್ತಿರಲಿಲ್ಲ, ಏಕೆಂದರೆ ಬಿಟ್ಟುಹೋಗುವ ಕಾಲು ಅವನಿಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿ ರಚಿಸಿದ ಸಂವಿಧಾನವು 1950ರ ಜನವರಿ 26ರಿಂದ ನಮಗೂ ಅನ್ವಯವಾಯಿತು. ಅದರ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 39ನೇ ವಿಧಿ ಸಮಾನ ದುಡಿಮೆಗೆ ಸಮಾನ ವೇತನವನ್ನೂ, 43ನೇ ವಿಧಿ ಬಾಳಲು ತಕ್ಕ ವೇತನವನ್ನೂ ಸರ್ಕಾರದ ಗುರಿಯಾಗಿ ಇರಿಸಿದವು. 1976ರಲ್ಲಿ ಜೀತ ನಿರ್ಮೂಲನೆಯ ಕಾಯ್ದೆ ಬಂತು. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಹಸಿವೂ ಒಂದು ಸಂಕೋಲೆ ಎಂದು ನ್ಯಾಯಾಲಯ ಕಂಡುಕೊಂಡಿತು.

2006ರ ಫೆಬ್ರುವರಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಮೊದಲಿಗೆ ಜಾರಿಯಾದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆ ಯೋಜನೆಯ ಕೂಲಿ ಕರ್ನಾಟಕದಲ್ಲಿ 2024–25ರಲ್ಲಿ ದಿನಕ್ಕೆ 349 ರೂಪಾಯಿ, 2025–26ರಲ್ಲಿ 370 ರೂಪಾಯಿ ಇತ್ತು, ಹೆಣ್ಣು ಗಂಡಿನ ಭೇದವಿಲ್ಲದೆ. ಕೆರೆ ಹೂಳೆತ್ತುವ ಈ ಕೆಲಸದಿಂದ ಹೊಲಕ್ಕೆ ಆಳು ಸಿಗುವುದಿಲ್ಲ ಎಂದು ರೈತರು ದೂರಿದರು. ಬೇಸಿಗೆಯ ಕಾಲದಲ್ಲಿ ಖಾಸಗಿ ಕೂಲಿಯೂ ಇದರಿಂದ ಏರಿತೆಂದು ದೇಶಮಟ್ಟದ ಅಧ್ಯಯನಗಳು ಕಂಡುಕೊಂಡವು. ಎರಡೂ ಮಾತಿನ ಅರ್ಥ ಒಂದೇ: ಕೂಲಿಯ ತಾಯಿಗೆ ಮತ್ತೊಂದು ಬಾಗಿಲು ತೆರೆಯಿತು, ಬೇಡ ಎನ್ನುವ ಶಕ್ತಿ ಅಷ್ಟರಮಟ್ಟಿಗೆ ಅವಳಿಗೆ ಬಂತು.

ಆದರೆ ನಾಲ್ಕು ಎಕರೆಯ ಹತ್ತಿ ರೈತನ ಸಂಕಟವೂ ನಿಜವೇ. ಅವನು ಗಿರಣಿಯ ಮಾಲೀಕನಲ್ಲ. ಬೀಜ, ಗೊಬ್ಬರ, ಕೂಲಿಯ ದರ ಏರಿದರೂ ಹತ್ತಿಯ ದರವನ್ನು ಗೊತ್ತುಮಾಡುವ ಶಕ್ತಿ ಅವನಿಗಿಲ್ಲ. ಮಾರುಕಟ್ಟೆಯಲ್ಲಿ ದಲ್ಲಾಳಿಯ ಮುಂದೆ ಅವನೂ ಬೇಡ ಎನ್ನಲಾಗದವನೇ. ಹೊಲದ ಬದುವಿನ ಮೇಲೆ ಎದುರುಬದುರು ನಿಂತು ಜಗಳವಾಡುವ ಈ ಇಬ್ಬರು ಬಡವರ ಕಷ್ಟದ ಮೂಲ ಒಂದೇ. ಒಬ್ಬನ ಬೆಳೆಗೆ ನ್ಯಾಯವಾದ ಬೆಲೆ, ಇನ್ನೊಬ್ಬಳ ಬೆವರಿಗೆ ನ್ಯಾಯವಾದ ಕೂಲಿ, ಎರಡನ್ನೂ ಒಟ್ಟಿಗೇ ಕೇಳಬೇಕು. ಇಲ್ಲದಿದ್ದರೆ ಹೊಲ ಬೀಳಾಗುತ್ತದೆ, ಮನೆಗೆ ಬೀಗ ಬೀಳುತ್ತದೆ, ಸಂಸಾರ ಬೆಂಗಳೂರಿಗೆ ಗುಳೆ ಹೋಗುತ್ತದೆ, ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ.

ಕೊನೆಯ ದಿನಗಳು

ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾಗಿದ್ದ ಅಂಬೇಡ್ಕರರು 1951ರಲ್ಲಿ ರಾಜೀನಾಮೆ ಕೊಟ್ಟರು. ಆರೋಗ್ಯ ಕುಂದುತ್ತ ಬಂತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಪಾರ ಜನರೊಂದಿಗೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಅದೇ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡ ನಾಡಿನ ಮಡಿಲಿಗೆ ಬಂತು. ಡಿಸೆಂಬರ್ 6ರಂದು ಅಂಬೇಡ್ಕರರು ದೆಹಲಿಯಲ್ಲಿ ನಿಧನರಾದರು. ನಮ್ಮ ಮತ್ತು ಅವರ ಧರ್ಮದ ದಾರಿ ಬೇರೆ. ಆದರೆ ದುಡಿದವನ ಕೂಲಿಯ ವಿಷಯದಲ್ಲಿ ಅವರು ಕಟ್ಟಿದ ನ್ಯಾಯವು ನಮ್ಮ ವಿಶ್ವಾಸಕ್ಕೆ ಅಪರಿಚಿತವಾದುದಲ್ಲ. ಬಡ ಕೂಲಿಯವನ ಹಣವನ್ನು ಹೊತ್ತು ಮುಳುಗುವ ಮುನ್ನ ಕೊಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಯನ್ನು ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದಾಗ, ಆ ಬಡಗಿಯ ಕೂಲಿಯ ಅನ್ನವನ್ನೇ ಪ್ರಭು ಯೇಸು ಉಂಡು ಬೆಳೆದರೆಂಬುದು ನಮಗೆ ಮತ್ತೆ ನೆನಪಾಯಿತು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ದೇಶದ ಕೂಲಿ ನೀತಿಯನ್ನು ನಾವು ಬದಲಿಸಲಾರೆವು. ಆದರೆ ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಅಡಿಗೆಮನೆಯಲ್ಲಿ ದುಡಿಯುವವರ ಕೂಲಿ ನಮ್ಮ ಕೈಯಲ್ಲಿದೆ. ಆ ದಿನದ ಕೂಲಿಯನ್ನು ಆ ದಿನವೇ ಕೊಡೋಣ. ಹೆಣ್ಣಾಳಿಗೂ ಗಂಡಾಳಿಗೂ ಸಮನಾದ ಕೆಲಸಕ್ಕೆ ಸಮನಾಗಿ ಕೊಡೋಣ. ಕಷ್ಟಕ್ಕೆ ಕೊಟ್ಟ ಮುಂಗಡವನ್ನು ಅವರ ಕಾಲಿಗೆ ಹಗ್ಗ ಮಾಡದಿರೋಣ. ವರ್ಷಕ್ಕೊಮ್ಮೆ ಕುಳಿತು, ಈ ಕೂಲಿಯಲ್ಲಿ ಈಗ ಎಷ್ಟು ಜೋಳ, ಎಷ್ಟು ಎಣ್ಣೆ ಬರುತ್ತದೆ ಎಂದು ನಾವೇ ಲೆಕ್ಕ ಹಾಕೋಣ. ಗೋಡೆಯ ಮೇಲೆ ಬಾಬಾಸಾಹೇಬರ ಪಟವಿರುವ ಮನೆಯಲ್ಲಿ ಈ ಲೆಕ್ಕ ತಪ್ಪಬಾರದು. ಶಿಲುಬೆಯಿರುವ ಮನೆಯಲ್ಲಂತೂ ತಪ್ಪಲೇಬಾರದು.